ಕಾಡಂಚಿನ ಹೊಲಕ್ಕೊಂದು ಸಿಮ್ ಕ್ಯಾಮೆರಾ

ರಾಗಿ ತೆನೆ ಬಲಿಯತೊಡಗಿದರೆ ಕಾಡಂಚಿನ ರೈತರ ನಿದ್ದೆ ಹೋಗುತ್ತದೆ. ಹೊಲದ ಮೂಲೆಯಲ್ಲೊಂದು ಅಟ್ಟಣೆ ಕಟ್ಟಿ, ಕಂಬಳಿ ಹೊದ್ದು, ತಗಡು ಬಡಿಯುತ್ತ, ಬೆಂಕಿ ಹಾಕಿಕೊಂಡು ರಾತ್ರಿಗಳನ್ನು ಕಳೆಯಬೇಕು. ಮುಸುಕಿನ ಜೋಳ, ಕಬ್ಬು, ಬಾಳೆ, ಕಡಲೆಕಾಯಿ ಬೆಳೆದವರ ಪಾಡೂ ಇದೇ. ಇಷ್ಟು ಕಾದರೂ ಬೆಳಗಿನ ಜಾವ ಅರೆಗಳಿಗೆ ಕಣ್ಣು ಹತ್ತಿದಾಗಲೇ ಹಂದಿಯ ಹಿಂಡು ನುಗ್ಗಿರುತ್ತದೆ. ಬೆಳಕು ಹರಿದಾಗ ಕಾಣುವುದು ಮಗುಚಿದ ಮಣ್ಣು, ಮಲಗಿದ ಪೈರು.

ಬೆಳೆ ಹೋದರೆ ಮುಂದಿನ ಹಂಗಾಮಿನಲ್ಲಿ ಮತ್ತೆ ಬಿತ್ತಬಹುದು. ಜೀವ ಹೋದರೆ ಬಾರದು. ಟಾರ್ಚು ಹಿಡಿದು ಕತ್ತಲಲ್ಲಿ ಹೊಲಕ್ಕಿಳಿದವರು, ನಸುಕಿನಲ್ಲಿ ತೋಟದ ಕೆಲಸಕ್ಕೆ ಹೊರಟವರು ಆನೆಗೆ ಎದುರಾಗಿ ಸತ್ತ ಸುದ್ದಿಯನ್ನು ಕೊಡಗು, ಹಾಸನ, ಚಿಕ್ಕಮಗಳೂರು, ಮೈಸೂರು, ಚಾಮರಾಜನಗರ ಜಿಲ್ಲೆಗಳವರು ಮತ್ತೆ ಮತ್ತೆ ಕೇಳುತ್ತಿದ್ದಾರೆ. 2023ರ ಗಣತಿಯಲ್ಲಿ ನಮ್ಮ ರಾಜ್ಯದ ಆನೆಗಳ ಸಂಖ್ಯೆಯನ್ನು 6,395 ಎಂದು ಅಂದಾಜು ಮಾಡಲಾಯಿತು. ದೇಶದ ಯಾವ ರಾಜ್ಯದಲ್ಲೂ ಇಷ್ಟು ಆನೆಗಳಿಲ್ಲ. ಹುಲಿಗಳ ಸಂಖ್ಯೆ 2018ರಲ್ಲಿ 524 ಇದ್ದುದು 2022ರ ಗಣತಿಗೆ 563 ಆಯಿತು. ಕಾಡು ಮತ್ತು ಹೊಲ ಒಂದೇ ಬದುವನ್ನು ಹಂಚಿಕೊಂಡಿರುವ ಊರುಗಳಲ್ಲಿ ಈ ಅಂಕಿಗಳ ಅರ್ಥ ಏನೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಅನಾಹುತಗಳ ಹಿಂದೆ ಬಹಳ ಸಲ ಇರುವುದು ಒಂದೇ ಕೊರತೆ. ಹೊಲಕ್ಕೆ ಬಂದದ್ದು ಯಾವ ಪ್ರಾಣಿ, ಒಂದೋ ಹಿಂಡೋ, ಯಾವ ದಿಕ್ಕಿನಲ್ಲಿದೆ ಎಂಬುದು ಹೋಗುವವರಿಗೆ ತಿಳಿದಿರುವುದಿಲ್ಲ. ಮನೆಯಲ್ಲೇ ಕುಳಿತು ಇದನ್ನು ತಿಳಿಯಲು ಈಗ ಒಂದು ಸಾಧನವಿದೆ. ಅದೇ ಮೊಬೈಲಿನ ಸಿಮ್ ಹಾಕಿದ ಕ್ಯಾಮೆರಾ. ಇದರಿಂದ ಏನಾಗುತ್ತದೆ, ಏನಾಗದು, ಕೊಳ್ಳುವಾಗ ಮತ್ತು ಕಟ್ಟುವಾಗ ಯಾವ ಎಚ್ಚರಿಕೆ ಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬೇಟೆಗಾರರ ಕೈಯಿಂದ ಬಂದ ಸಾಧನ

ಪ್ರಾಣಿಯೇ ತನ್ನ ಚಿತ್ರವನ್ನು ತಾನು ತೆಗೆದುಕೊಳ್ಳುವಂತೆ ಮಾಡುವ ಉಪಾಯ ನೂರು ವರ್ಷಕ್ಕೂ ಹಳೆಯದು. ಅಮೆರಿಕದ ಜಾರ್ಜ್ ಶೈರಸ್ ಎಂಬವರು ಮೊದಲು ಬೇಟೆಗಾರರಾಗಿದ್ದು, ಅನಂತರ ಬಂದೂಕನ್ನು ಬದಿಗಿಟ್ಟು ಕ್ಯಾಮೆರಾ ಹಿಡಿದರು. ದಾರಿಗೆ ಅಡ್ಡಲಾಗಿ ದಾರ ಕಟ್ಟಿ, ಪ್ರಾಣಿ ಅದನ್ನು ಎಡವಿದಾಗ ಬೆಳಕು ಹೊತ್ತಿ ಚಿತ್ರ ಮೂಡುವಂತೆ ಮಾಡಿದರು. ಅವರ ಚಿತ್ರಗಳು 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಪ್ರಕಟವಾದವು. ನಮ್ಮ ದೇಶದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಅವರು 1920ರ ದಶಕದಲ್ಲಿ ಇದೇ ರೀತಿ ದಾರ ಕಟ್ಟಿ ಹುಲಿಗಳ ಚಿತ್ರ ತೆಗೆದರು. ನಮ್ಮ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾಗಳನ್ನಿಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ ಲೆಕ್ಕ ಹಾಕುವ ಕ್ರಮವನ್ನು ರೂಢಿಗೆ ತಂದರು. 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾ ಇಡಲಾಗಿತ್ತು. ಅವುಗಳಿಂದ 3 ಕೋಟಿ 48 ಲಕ್ಷಕ್ಕೂ ಹೆಚ್ಚು ಚಿತ್ರಗಳು ದೊರೆತವು. ಹುಲಿಗಳಿದ್ದ ಚಿತ್ರಗಳು 76,651 ಮಾತ್ರ.

ಇವೆಲ್ಲ ಚಿತ್ರವನ್ನು ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಳ್ಳುವ ಕ್ಯಾಮೆರಾಗಳು. ಯಾರಾದರೂ ಹೋಗಿ ಕಾರ್ಡು ತೆಗೆದು ನೋಡಬೇಕು. ಅಮೆರಿಕದಲ್ಲಿ ಜಿಂಕೆ ಬೇಟೆ ಕಾನೂನಿಗೆ ಒಳಪಟ್ಟ ಹವ್ಯಾಸ. ಊರಿನಿಂದ ಹತ್ತಾರು ಮೈಲಿ ದೂರದಲ್ಲಿ ಬೇಟೆಗೆಂದೇ ಜಮೀನು ಇಟ್ಟುಕೊಂಡವರಿಗೆ, ಗುತ್ತಿಗೆ ಹಿಡಿದವರಿಗೆ ದಿನವೂ ಹೋಗಿ ಕಾರ್ಡು ನೋಡುವುದು ಆಗದ ಮಾತು. ಹೋದರೆ ಮನುಷ್ಯರ ವಾಸನೆಗೆ ಜಿಂಕೆ ಜಾಗ ಬಿಡುತ್ತದೆ. ಅಂಥವರಿಗಾಗಿ ಸಿಮ್ ಹಾಕಿ, ಚಿತ್ರವನ್ನು ಒಡನೆಯೇ ಮೊಬೈಲಿಗೆ ಕಳಿಸುವ ಕ್ಯಾಮೆರಾ ಬಂದಿತು. ಜಿಂಕೆಯನ್ನು ಎಣಿಸುವುದರ ಜೊತೆಗೆ ಕಳ್ಳಬೇಟೆಯವರು, ಅತಿಕ್ರಮಿಸಿ ಒಳನುಗ್ಗುವವರು ಯಾರೆಂದು ನೋಡುವುದಕ್ಕೂ ಅದು ಬಳಕೆಯಾಯಿತು. ಪ್ರಾಣಿ ಎಲ್ಲಿ ನಿಂತಿದೆ ಎಂದು ಕ್ಯಾಮೆರಾವೇ ಹೇಳಿಬಿಟ್ಟರೆ ಬೇಟೆಯಲ್ಲಿ ನ್ಯಾಯವೆಲ್ಲಿ ಉಳಿಯಿತು ಎಂಬ ಪ್ರಶ್ನೆಯೂ ಅಲ್ಲಿ ಎದ್ದಿತು. ಅರಿಜೋನಾ ರಾಜ್ಯ 2022ರ ಜನವರಿಯಿಂದ ಬೇಟೆಗೆ ಇಂಥ ಕ್ಯಾಮೆರಾಗಳ ನೆರವು ಪಡೆಯುವುದನ್ನೇ ನಿಷೇಧಿಸಿತು. ನೆವಾಡ, ಯೂಟಾ ರಾಜ್ಯಗಳು ವರ್ಷದ ಕೆಲವು ತಿಂಗಳು ನಿರ್ಬಂಧ ಹಾಕಿವೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಆದ್ದರಿಂದ ಈ ಸಾಧನದ ಉಪಯೋಗ ಇಲ್ಲಿ ತಿರುಗಿ ನಿಲ್ಲುತ್ತದೆ. ಅಲ್ಲಿ ಅದು ಪ್ರಾಣಿಯ ಹತ್ತಿರ ಹೋಗಲು ನೆರವಾಯಿತು. ಇಲ್ಲಿ ಅದರಿಂದ ದೂರ ಉಳಿಯಲು ನೆರವಾಗಬೇಕು. ಈ ಲೇಖನದ ಉಳಿದ ಮಾತುಗಳೆಲ್ಲ ಈ ಒಂದು ಮಾತಿನ ವಿಸ್ತಾರವೆಂದು ತಿಳಿಯಿರಿ.

ಕ್ಯಾಮೆರಾ ಕೆಲಸ ಮಾಡುವ ಬಗೆ

ಕ್ಯಾಮೆರಾದ ಮುಂಭಾಗದಲ್ಲಿ ಒಂದು ಬಿಳಿಯ ಪುಟ್ಟ ಗುಮ್ಮಟ ಅಥವಾ ಕಿಟಕಿ ಇರುತ್ತದೆ. ಅದು ಶಾಖವನ್ನು ಗ್ರಹಿಸುವ ಅಂಗ. ಸುತ್ತಲಿನ ನೆಲ, ಗಿಡಗಳಿಗಿಂತ ಬೇರೆ ಶಾಖವುಳ್ಳ ಮೈಯೊಂದು ಅದರ ಮುಂದೆ ಚಲಿಸಿದಾಗ ಒಡನೆ ಕ್ಯಾಮೆರಾ ಎಚ್ಚರಗೊಂಡು ಚಿತ್ರ ತೆಗೆಯುತ್ತದೆ. ಇದಕ್ಕೆ ಒಂದು ಸೆಕೆಂಡಿಗಿಂತಲೂ ಕಡಿಮೆ ಹೊತ್ತು ಸಾಕು. ಚಿತ್ರವನ್ನು ಒಳಗಿನ ಕಾರ್ಡಿನಲ್ಲಿ ಉಳಿಸಿ, ಅದರ ಒಂದು ಚಿಕ್ಕ ಪ್ರತಿಯನ್ನು ಸಿಮ್ ಮೂಲಕ ನಿಮ್ಮ ಮೊಬೈಲಿಗೆ ಕಳಿಸುತ್ತದೆ. ಟವರಿನ ಸಂಕೇತ ಚೆನ್ನಾಗಿದ್ದರೆ ಒಂದು ನಿಮಿಷದ ಒಳಗೆ, ಹೆಚ್ಚೆಂದರೆ ಕೆಲವು ನಿಮಿಷಗಳಲ್ಲಿ ಚಿತ್ರ ಕೈಗೆ ಬರುತ್ತದೆ.

ಕತ್ತಲಲ್ಲಿ ಚಿತ್ರ ತೆಗೆಯಲು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೀರುವ ಚಿಕ್ಕ ಚಿಕ್ಕ ದೀಪಗಳಿರುತ್ತವೆ. ಹೀಗಾಗಿ ರಾತ್ರಿಯ ಚಿತ್ರಗಳು ಕಪ್ಪು ಬಿಳುಪಿನಲ್ಲಿರುತ್ತವೆ. ದೀಪಗಳಲ್ಲಿ ಎರಡು ಬಗೆ ಇವೆ. 850 ನ್ಯಾನೊಮೀಟರಿನದು ದೂರದವರೆಗೆ ತಲಪುತ್ತದೆ, ಆದರೆ ಹತ್ತಿರದಿಂದ ನೋಡಿದರೆ ಮಂಕಾದ ಕೆಂಪು ಕಿಡಿಯಂತೆ ಕಾಣುತ್ತದೆ. 940 ನ್ಯಾನೊಮೀಟರಿನದು ಕಾಣುವುದೇ ಇಲ್ಲ, ಆದರೆ ಅದರ ಬೆಳಕು ಅಷ್ಟು ದೂರ ಹೋಗದು. ಕಳ್ಳರ ಭಯವಿರುವ ಕಡೆ ಎರಡನೆಯದು ಲೇಸು.

ಈ ರಚನೆಯಿಂದ ರೈತರು ತಿಳಿಯಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದಾಗಿ, ಶಾಖ ಗ್ರಹಿಸುವ ಅಂಗದ ವ್ಯಾಪ್ತಿ ಸಾಮಾನ್ಯವಾಗಿ 60ರಿಂದ 80 ಅಡಿ ಮಾತ್ರ. ಒಂದು ಕ್ಯಾಮೆರಾ ಇಡೀ ಹೊಲವನ್ನು ಕಾಯಲಾರದು, ಒಂದು ದಾರಿಯನ್ನು ಮಾತ್ರ ನೋಡಬಲ್ಲದು. ಎರಡನೆಯದಾಗಿ, ಬೇಸಿಗೆಯ ಮಧ್ಯಾಹ್ನ ನೆಲವೇ ಮೈಯಷ್ಟು ಕಾದಿರುವಾಗ ಅದಕ್ಕೆ ವ್ಯತ್ಯಾಸ ಗೊತ್ತಾಗದೆ ಪ್ರಾಣಿ ತಪ್ಪಿಸಿಕೊಳ್ಳಬಹುದು. ಮೂರನೆಯದಾಗಿ, ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲುಗಿದರೂ ಅದು ಪ್ರಾಣಿ ಎಂದು ಭ್ರಮಿಸಿ ಚಿತ್ರ ತೆಗೆಯುತ್ತದೆ. ಇಂಥ ಹುಸಿ ಚಿತ್ರಗಳು ಬಂದಷ್ಟೂ ಬ್ಯಾಟರಿಯೂ ಹಾಳು, ರೈತರ ನಂಬಿಕೆಯೂ ಹಾಳು. ನೂರು ಸಲ ಹುಲ್ಲಿನ ಚಿತ್ರ ನೋಡಿದವರು ನೂರ ಒಂದನೆಯ ಸಲ ಆನೆ ಬಂದಾಗ ಮೊಬೈಲನ್ನೇ ನೋಡುವುದಿಲ್ಲ.

ಕೊಳ್ಳುವ ಮುನ್ನ

ಕ್ಯಾಮೆರಾ ನೋಡುವುದಕ್ಕಿಂತ ಮೊದಲು ಟವರು ನೋಡಿ. ಕ್ಯಾಮೆರಾ ಕಟ್ಟಬೇಕೆಂದಿರುವ ಜಾಗದಲ್ಲೇ, ಅದೇ ಎತ್ತರದಲ್ಲಿ ಮೊಬೈಲು ಹಿಡಿದು ಯಾವ ಕಂಪನಿಯ ಸಂಕೇತ ನಿಲ್ಲುತ್ತದೆ ಎಂದು ಪರೀಕ್ಷಿಸಿ. ಅಲ್ಲಿಂದಲೇ ಯಾರಿಗಾದರೂ ಒಂದು ಫೋಟೋ ಕಳಿಸಿ ನೋಡಿ. ಅದು ಹೋಗದಿದ್ದರೆ ಕ್ಯಾಮೆರಾದ್ದೂ ಹೋಗುವುದಿಲ್ಲ. ಮಲೆನಾಡಿನ ಕಣಿವೆಗಳಲ್ಲಿ ದಿಬ್ಬದ ಮೇಲೆ ಸಿಗುವ ಸಂಕೇತ ಹಳ್ಳದಲ್ಲಿ ಸಿಗದು. ಸಂಕೇತ ಮಂಕಾಗಿದ್ದರೆ ಚಿತ್ರ ಕಳಿಸಲು ಕ್ಯಾಮೆರಾ ಹೆಣಗಾಡಿ ಬ್ಯಾಟರಿಯನ್ನೂ ಬೇಗ ತಿಂದುಹಾಕುತ್ತದೆ.

ಎರಡನೆಯದು, ಕ್ಯಾಮೆರಾ 4ಜಿ ಸಂಕೇತಕ್ಕೆ ಹೊಂದುವಂಥದಾಗಿರಬೇಕು. ನಮ್ಮ ದೇಶದ ತರಂಗಗಳಿಗೆ ಒಗ್ಗಬೇಕು. ಹೊರದೇಶದಿಂದ ತರಿಸಿದ ಕೆಲವು ಕ್ಯಾಮೆರಾಗಳು ಅಲ್ಲಿನ ಕಂಪನಿಯ ಸಿಮ್‌ಗೇ ಬೀಗ ಹಾಕಿಕೊಂಡಿರುತ್ತವೆ. ಅವು ಇಲ್ಲಿ ಬರಿಯ ಡಬ್ಬಿ. ಕೊಳ್ಳುವಾಗ ಅಂಗಡಿಯಲ್ಲೇ ನಿಮ್ಮ ಸಿಮ್ ಹಾಕಿಸಿ, ಚಿತ್ರ ನಿಮ್ಮ ಮೊಬೈಲಿಗೆ ಬಂದದ್ದನ್ನು ಕಂಡ ಮೇಲೆಯೇ ಹಣ ಕೊಡಿ.

ಮೂರನೆಯದು, ಪೇಟೆಯಲ್ಲಿ ಎರಡು ತರಹದ ಸಾಮಾನುಗಳಿವೆ. ಸೌರ ಫಲಕದ ಸಮೇತ ಬರುವ, ಯಾವಾಗ ಬೇಕಾದರೂ ಮೊಬೈಲಿನಲ್ಲಿ ತೆರೆದು ನೋಡಬಹುದಾದ ತೋಟದ ಕ್ಯಾಮೆರಾ ಒಂದು. ಪ್ರಾಣಿ ಬಂದಾಗ ಮಾತ್ರ ಎಚ್ಚರಗೊಳ್ಳುವ ಕಾಡಿನ ಕ್ಯಾಮೆರಾ ಇನ್ನೊಂದು. ಮೊದಲನೆಯದು ಪಂಪುಮನೆ, ಗೋದಾಮು, ಕಣಗಳಿಗೆ ಸರಿ. ಬಿಸಿಲು ಬೇಕು, ಡೇಟಾ ಹೆಚ್ಚು ಬೇಕು. ಎರಡನೆಯದು ಮರಕ್ಕೆ ಕಟ್ಟುವ, ಎಲೆಯ ಬಣ್ಣದ ಚಿಕ್ಕ ಪೆಟ್ಟಿಗೆ. ಒಳ್ಳೆಯ ಸೆಲ್ ಹಾಕಿದರೆ ವಾರಗಟ್ಟಲೆ ನಡೆಯುತ್ತದೆ. ಕಾಡಂಚಿನ ದಾರಿಗೆ ಎರಡನೆಯದೇ ಹೊಂದುತ್ತದೆ. ಬೆಲೆಯು ಕೆಲವು ಸಾವಿರ ರೂಪಾಯಿಗಳಿಂದ ಹಿಡಿದು ಇಪ್ಪತ್ತು ಸಾವಿರವನ್ನು ದಾಟುವವರೆಗೂ ಇರುತ್ತದೆ.

ನಾಲ್ಕನೆಯದು, ಕ್ಯಾಮೆರಾದ ಸಿಮ್‌ಗೆ ಪ್ರತ್ಯೇಕವಾಗಿ ಹಣ ತುಂಬುತ್ತಿರಬೇಕು. ಅವಧಿ ಮುಗಿದ ದಿನವೇ ಅದು ಮೂಕವಾಗುತ್ತದೆ, ಮೂಕವಾದದ್ದು ನಿಮಗೆ ಗೊತ್ತಾಗುವುದೂ ಇಲ್ಲ. ಸುದ್ದಿ ಬಾರದಿದ್ದರೆ ಪ್ರಾಣಿ ಬಂದಿಲ್ಲ ಎಂದು ಧೈರ್ಯವಾಗಿ ಹೊರಡುವುದು ಕ್ಯಾಮೆರಾ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯ. ಹೆಚ್ಚಿನ ಕ್ಯಾಮೆರಾಗಳಲ್ಲಿ ದಿನಕ್ಕೊಂದು ಸಲ, ನೀವು ಹೇಳಿದ ಹೊತ್ತಿಗೆ, ‘ನಾನಿದ್ದೇನೆ’ ಎಂಬಂತೆ ಒಂದು ಚಿತ್ರ ಕಳಿಸುವ ಏರ್ಪಾಡಿರುತ್ತದೆ. ಅದನ್ನು ಸಂಜೆ 6 ಗಂಟೆಗೆ ಇಟ್ಟುಕೊಳ್ಳಿ. ಆ ಚಿತ್ರ ಬಾರದ ಸಂಜೆ ಕ್ಯಾಮೆರಾ ಇಲ್ಲವೆಂದೇ ತಿಳಿದು ನಡೆದುಕೊಳ್ಳಿ.

ಎಲ್ಲಿ, ಹೇಗೆ ಕಟ್ಟಬೇಕು

ಕ್ಯಾಮೆರಾ ಕೈಗೆ ಬಂದ ಕೂಡಲೇ ಕಟ್ಟಲು ಓಡಬೇಡಿ. ಮೊದಲು ಒಂದು ವಾರ ಬೆಳಗ್ಗೆ ಹೊತ್ತೇರಿದ ಮೇಲೆ ಬೇಲಿಯ ಉದ್ದಕ್ಕೂ ನಡೆದು ಹೆಜ್ಜೆ, ಲದ್ದಿ, ಮುರಿದ ತಂತಿ, ಬೇಲಿಯ ಕಂಡಿ, ಮೈ ಉಜ್ಜಿದ ಮರಗಳನ್ನು ಗುರುತಿಸಿ. ಪ್ರಾಣಿಗಳು ಎಲ್ಲೆಂದರಲ್ಲಿ ನುಗ್ಗುವುದಿಲ್ಲ. ಹಳ್ಳದ ಜಾಡು, ಕಾಲುವೆಯ ಏರಿ, ಕಂದಕ ಮುಚ್ಚಿಹೋದ ಜಾಗ, ಹಳೆಯ ಬಂಡಿದಾರಿ ಇಂಥ ಎರಡು ಮೂರು ಬಾಗಿಲುಗಳೇ ಅವುಗಳಿಗೆ ರೂಢಿಯಾಗಿರುತ್ತವೆ. ಕ್ಯಾಮೆರಾ ನೋಡಬೇಕಾದದ್ದು ಆ ಬಾಗಿಲನ್ನು. ಬೆಳೆಯ ನಡುವೆ ಇಟ್ಟರೆ ನಷ್ಟವಾದ ಮೇಲೆ ಸುದ್ದಿ ಬರುತ್ತದೆ. ಬಾಗಿಲಲ್ಲಿ ಇಟ್ಟರೆ ಮೊದಲೇ ಬರುತ್ತದೆ.

ಕಟ್ಟುವಾಗ ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು.

1. ಕ್ಯಾಮೆರಾ ಉತ್ತರಕ್ಕೆ ಮುಖ ಮಾಡಿರುವುದು ಉತ್ತಮ. ಪೂರ್ವ ಅಥವಾ ಪಶ್ಚಿಮಕ್ಕೆ ಮುಖ ಮಾಡಿದರೆ ಬೆಳಗು ಬೈಗಿನ ಬಿಸಿಲು ನೇರವಾಗಿ ಬಿದ್ದು ಚಿತ್ರ ಬೆಳ್ಳಗಾಗುತ್ತದೆ, ಹುಸಿ ಚಿತ್ರಗಳೂ ಹೆಚ್ಚುತ್ತವೆ.

2. ಹಂದಿ, ಮುಳ್ಳುಹಂದಿ, ಜಿಂಕೆಗಳಿಗೆ ನೆಲದಿಂದ ಎರಡು ಎರಡೂವರೆ ಅಡಿ ಎತ್ತರ, ದಾರಿಯಿಂದ 10ರಿಂದ 15 ಅಡಿ ದೂರ ಸಾಕು. ಆನೆಯ ದಾರಿಯಾದರೆ 20ರಿಂದ 30 ಅಡಿ ದೂರವಿಟ್ಟು, ಮರದಲ್ಲಿ ಆದಷ್ಟು ಎತ್ತರಕ್ಕೆ ಕಟ್ಟಿ ಕೆಳಮುಖವಾಗಿ ಬಾಗಿಸಬೇಕು. ಆನೆಗೆ ಹೊಸ ವಸ್ತು ಕಂಡರೆ ಮುಟ್ಟಿ ನೋಡುವ ಚಪಲ. ಸೊಂಡಿಲಿಗೆ ಸಿಕ್ಕಿದ ಕ್ಯಾಮೆರಾ ಮರುದಿನ ಚೂರಾಗಿ ಸಿಗುತ್ತದೆ.

3. ದಾರಿಗೆ ಸರಿಯಾಗಿ ಅಡ್ಡ ನೋಡುವಂತೆ ಇಟ್ಟರೆ ಓಡುವ ಪ್ರಾಣಿ ಚೌಕಟ್ಟು ದಾಟಿಬಿಡುತ್ತದೆ. ದಾರಿಯ ಉದ್ದಕ್ಕೇ ನೋಡುವಂತೆ ಇಟ್ಟರೆ ಎದುರಿಗೆ ಬರುವ ಪ್ರಾಣಿಯ ಚಲನೆ ಬೇಗ ಗೊತ್ತಾಗದು. ಇವೆರಡರ ನಡುವೆ, ಓರೆಯಾಗಿ ಇಡುವುದು ಸರಿ.

4. ಮುಂದಿನ 20 ಅಡಿಯಲ್ಲಿ ಹುಲ್ಲು, ಬಳ್ಳಿ, ತೂಗುವ ಕೊಂಬೆಗಳನ್ನು ಸವರಿ ತೆಗೆಯಿರಿ. ಸಣ್ಣ ಮರಕ್ಕೆ ಕಟ್ಟಬೇಡಿ. ಮರ ತೂಗಿದರೆ ಕ್ಯಾಮೆರಾವೂ ತೂಗುತ್ತದೆ.

5. ಕಟ್ಟಿದ ಮೇಲೆ ನೀವೇ ಅದರ ಮುಂದೆ ಬಗ್ಗಿ ನಡೆದು, ಚಿತ್ರ ಬಂತೇ, ಎಷ್ಟು ಹೊತ್ತಿಗೆ ಬಂತು, ಮೈಯ ಯಾವ ಭಾಗ ಕಾಣುತ್ತದೆ ಎಂದು ನೋಡಿ ಸರಿಪಡಿಸಿ.

ಮಳೆ, ಇರುವೆ, ಬ್ಯಾಟರಿ

ಕ್ಯಾಮೆರಾಕ್ಕೂ ಒಕ್ಕಲುತನದ ಇತರ ಸಲಕರಣೆಗಳಂತೆ ಆರೈಕೆ ಬೇಕು. ಹೆಚ್ಚಿನವು 8 ಅಥವಾ 12 ಚಿಕ್ಕ ಸೆಲ್‌ಗಳಿಂದ ನಡೆಯುತ್ತವೆ. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಇದಕ್ಕೆ ನಡೆಯದು, ರಾತ್ರಿಯ ದೀಪ ಉರಿಯುವಾಗ ಅದು ಸೋತುಹೋಗುತ್ತದೆ. ಆಲ್ಕಲೈನ್ ಅಥವಾ ಲಿಥಿಯಂ ಸೆಲ್ ಹಾಕಿ. ಹಳೆಯದನ್ನೂ ಹೊಸದನ್ನೂ ಬೆರಸಬೇಡಿ. ಹೊರಗಿನಿಂದ 12 ವೋಲ್ಟ್ ಬ್ಯಾಟರಿ ಮತ್ತು ಚಿಕ್ಕ ಸೌರ ಫಲಕ ಜೋಡಿಸಬಹುದಾದ ಮಾದರಿಯಾದರೆ ವರ್ಷಾವಧಿ ಖರ್ಚು ತಗ್ಗುತ್ತದೆ. ಆದರೆ ಮರದ ನೆರಳಿನಲ್ಲಿ, ಮಲೆನಾಡಿನ ಆಷಾಢ ಶ್ರಾವಣದ ಮೋಡದಲ್ಲಿ ಸೌರ ಫಲಕವನ್ನೇ ನಂಬಿ ಕೂರಬಾರದು.

ಇರುವೆಗಳು ಕ್ಯಾಮೆರಾದ ಬೆಚ್ಚನೆಯ ಪೆಟ್ಟಿಗೆಯಲ್ಲಿ ಗೂಡು ಮಾಡುವುದುಂಟು. ಜೇಡ ಮುಂಭಾಗದಲ್ಲೇ ಬಲೆ ನೇಯ್ದರೆ ರಾತ್ರಿಯಿಡೀ ಬಲೆಯ ಚಿತ್ರವೇ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಹಗಲಿನಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ಮುಂಭಾಗವನ್ನು ಒಣ ಮೆತ್ತನೆಯ ಬಟ್ಟೆಯಿಂದ ಒರಸಿ. ಮುಚ್ಚಳದ ರಬ್ಬರು ಸರಿಯಾಗಿ ಕೂತಿದೆಯೇ ನೋಡಿ. ಹೊಸ ಚಪ್ಪಲಿ, ಔಷಧದ ಡಬ್ಬಿಗಳಲ್ಲಿ ಬರುವ ತೇವ ಹೀರುವ ಹರಳಿನ ಪೊಟ್ಟಣವನ್ನು ಒಳಗಿಟ್ಟರೆ ಮಳೆಗಾಲದಲ್ಲಿ ಗಾಜು ಮಸುಕಾಗುವುದು ಕಡಿಮೆಯಾಗುತ್ತದೆ.

ಯಾರು ಬಂದರೆಂದು ತಿಳಿಯುವುದೇ ಅರ್ಧ ಉಪಾಯ

ಒಬ್ಬ ರೈತರ ತೆಂಗಿನ ಸಸಿಗಳು ಬುಡದಲ್ಲಿ ಕಡಿದುಬಿದ್ದಿವೆ ಎಂದಿಟ್ಟುಕೊಳ್ಳೋಣ. ಅವರು ಹಂದಿಯೆಂದು ತಿಳಿದು ಸಾವಿರಾರು ರೂಪಾಯಿ ಸುರಿದು ಬೇಲಿ ಹಾಕಿದರು. ನಷ್ಟ ನಿಲ್ಲಲಿಲ್ಲ. ಕ್ಯಾಮೆರಾ ಇಟ್ಟಾಗ ಬಂದದ್ದು ಮುಳ್ಳುಹಂದಿಯ ಚಿತ್ರ. ಅದು ಬೇಲಿಯ ತಂತಿಯ ಕೆಳಗೇ ನುಸುಳುತ್ತಿತ್ತು. ಸಸಿಗಳ ಸುತ್ತ, ಬುಡವನ್ನು ನೆಲದೊಳಗೆ ಹೂತ ಗಟ್ಟಿ ಜಾಲರಿ ಹಾಕಿದ್ದರೆ ಸಾಕಿತ್ತು. ಹೀಗೆ ರೋಗ ಗುರುತಿಸದೆ ಔಷಧಿ ಹೊಡೆದಂತೆ, ಪ್ರಾಣಿ ಗುರುತಿಸದೆ ಬೇಲಿ ಹಾಕಿ ಹಣ ಕಳೆದುಕೊಳ್ಳುವುದು ಸಾಮಾನ್ಯ. ಒಂದು ಹಂಗಾಮಿನ ಚಿತ್ರಗಳನ್ನು ದಿನಾಂಕ, ಗಂಟೆ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿ. ಯಾವ ಪ್ರಾಣಿ, ಯಾವ ತಿಂಗಳು, ಬೆಳೆಯ ಯಾವ ಹಂತದಲ್ಲಿ, ರಾತ್ರಿ ಎಷ್ಟು ಗಂಟೆಗೆ, ಯಾವ ಬಾಗಿಲಿನಿಂದ ಬರುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಕಂದಕ ಎಲ್ಲಿ ತೋಡಬೇಕು, ಸೌರ ಬೇಲಿಯನ್ನು ಎಲ್ಲಿ ಬಲಪಡಿಸಬೇಕು, ಯಾವ ಹದಿನೈದು ದಿನ ಕಾವಲು ಅಗತ್ಯ ಎಂಬುದನ್ನು ಈ ಪುಸ್ತಕವೇ ಹೇಳುತ್ತದೆ.

ಬೆಳೆ ನಷ್ಟದ ಪರಿಹಾರಕ್ಕೆ ಅರ್ಜಿ ಹಾಕುವಾಗಲೂ ದಿನಾಂಕವಿರುವ ಚಿತ್ರ ನೆರವಾಗುತ್ತದೆ. ಆದರೆ ಚಿತ್ರವೊಂದೇ ಸಾಲದು. ಅರಣ್ಯ ಇಲಾಖೆಯವರು ಸ್ಥಳಕ್ಕೆ ಬಂದು ನೋಡುವವರೆಗೆ ಹೆಜ್ಜೆ, ಲದ್ದಿ, ತುಳಿದ ಪೈರನ್ನು ಹಾಗೆಯೇ ಬಿಡಬೇಕು. ಪಹಣಿಯೊಂದಿಗೆ ತಡಮಾಡದೆ ಅರ್ಜಿ ಕೊಡಬೇಕು.

ಚಿತ್ರ ಬಂದ ಮೇಲೆ ಏನು?

ಇದೇ ಮುಖ್ಯ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಮೊಬೈಲು ಕೂಗುತ್ತದೆ. ನೋಡಿದರೆ ಹಳ್ಳದ ಬಾಗಿಲಲ್ಲಿ ಆನೆ. ಕ್ಯಾಮೆರಾ ಕೊಂಡ ಹುರುಪಿನಲ್ಲಿ ಟಾರ್ಚು, ಪಟಾಕಿ ಹಿಡಿದು ಹೊರಡುವವರಿಗೆ ಕ್ಯಾಮೆರಾ ಸಾವಿನ ಕರೆಯೋಲೆಯಾಗಿಬಿಡುತ್ತದೆ. ಚಿತ್ರ ತೋರಿಸುವುದು ಒಂದು ಆನೆಯನ್ನು. ಚೌಕಟ್ಟಿನ ಹೊರಗೆ ಮರಿಯೊಡನೆ ಇನ್ನೂ ಐದು ಇರಬಹುದು. ಚಿತ್ರ ಬಂದು ಮೂರು ನಿಮಿಷವಾಗಿದ್ದರೆ ಆನೆ ಆಗಲೇ ನಿಮ್ಮ ಮನೆಯ ಹಿತ್ತಲಿನಲ್ಲಿರಬಹುದು.

ಆದುದರಿಂದ ಕ್ಯಾಮೆರಾ ಕಟ್ಟುವುದಕ್ಕೆ ಮೊದಲೇ ಮನೆಯವರೆಲ್ಲ ಕೂತು ಈ ಕ್ರಮವನ್ನು ನಿಶ್ಚಯಿಸಿಕೊಳ್ಳಬೇಕು.

ಆನೆ, ಹುಲಿ, ಚಿರತೆ, ಕರಡಿ, ಕಾಟಿ ಕಂಡರೆ ಯಾರೂ ಹೊರಗೆ ಹೋಗಕೂಡದು. ಗಸ್ತಿನ ಅರಣ್ಯ ಸಿಬ್ಬಂದಿಗೆ ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆಮಾಡಬೇಕು. ಆನೆ ಕಾರ್ಯಪಡೆ ಇರುವ ಜಿಲ್ಲೆಗಳಲ್ಲಿ ಅವರ ಸಂಖ್ಯೆಯನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿರಬೇಕು. ಅನಂತರ ಅಕ್ಕಪಕ್ಕದ ಮನೆಗಳಿಗೆ, ಅದೇ ದಾರಿಯಲ್ಲಿ ಹಾಲು ತರುವವರಿಗೆ, ನೀರು ಬಿಡುವವರಿಗೆ ತಿಳಿಸಬೇಕು. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟು ಬಂದಾಗ ಪಂಪು ಹಾಕಲು ಹೋಗುವವರೇ ನಮ್ಮಲ್ಲಿ ಹೆಚ್ಚು ಅಪಾಯದಲ್ಲಿರುವವರು. ಆ ರಾತ್ರಿ ಒಂದು ಪಾಳಿ ನೀರು ತಪ್ಪಿದರೆ ಬೆಳೆ ಸಾಯುವುದಿಲ್ಲ.

ಕಾಫಿ ತೋಟಗಳಲ್ಲಿ ಸಂಗತಿ ಸ್ವಲ್ಪ ಬೇರೆ. ಅಲ್ಲಿ ಆನೆಗಳು ಬೆಳಗಾದ ಮೇಲೂ ಕಾಡಿಗೆ ಹಿಂದಿರುಗದೆ ತೋಟದ ನೆರಳಲ್ಲೇ ನಿಲ್ಲುತ್ತವೆ. ಬೆಳಿಗ್ಗೆ ಆಳುಗಳು ಸಾಲು ಹಿಡಿಯುವ ಮೊದಲು ರಾತ್ರಿಯ ಚಿತ್ರಗಳನ್ನು ನೋಡುವುದು ಮೇಸ್ತ್ರಿಯ ಮೊದಲ ಕೆಲಸವಾಗಬೇಕು. ಒಳಗೆ ಹೋದ ಆನೆಯ ಚಿತ್ರವಿದ್ದು ಹೊರಗೆ ಹೋದ ಚಿತ್ರವಿಲ್ಲದಿದ್ದರೆ ಆ ದಿನ ಆ ಭಾಗಕ್ಕೆ ಆಳು ಕಳಿಸಬಾರದು. ಲೈನ್ ಮನೆಗಳಲ್ಲಿರುವವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ಸುದ್ದಿ ಮುಟ್ಟಿಸುವ ಹೊಣೆ ಒಬ್ಬರ ಹೆಸರಿಗೆ ಇರಬೇಕು. ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ.

ವಾಲ್ಪಾರೆಯ ಪಾಠ

ತಮಿಳುನಾಡಿನ ಆನೆಮಲೆಯಲ್ಲಿ ವಾಲ್ಪಾರೆ ಎಂಬ ಚಹಾ ತೋಟಗಳ ಪ್ರದೇಶವಿದೆ. ಸುತ್ತಲೂ ಕಾಡು, ನಡುವೆ ತೋಟ, ತೋಟದ ನಡುವೆ ಜನ. ಅಲ್ಲಿನ ಸಾವುಗಳನ್ನು ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಡಾ. ಆನಂದ ಕುಮಾರ್ ಮತ್ತು ಅವರ ತಂಡದವರು ಪರಿಶೀಲಿಸಿದಾಗ, ಆನೆ ಹತ್ತಿರದಲ್ಲಿರುವುದು ತಿಳಿಯದೆ ಹೋದವರೇ ಹೆಚ್ಚಾಗಿ ಬಲಿಯಾಗಿದ್ದರು. ಆದ್ದರಿಂದ ಆನೆಯನ್ನು ಓಡಿಸುವುದಕ್ಕಿಂತ ಸುದ್ದಿ ಓಡಿಸುವುದು ಮುಖ್ಯವೆಂದು ಅವರು ಗೊತ್ತುಮಾಡಿದರು. ಸ್ಥಳೀಯ ಕೇಬಲ್ ಟಿ.ವಿ.ಯಲ್ಲಿ ಸಂಜೆ ಆನೆಗಳಿರುವ ಜಾಗದ ಸುದ್ದಿ, 2011ರಿಂದ ಮೊಬೈಲಿಗೆ ಸಂದೇಶ, ಎತ್ತರದ ಕಂಬಗಳ ಮೇಲೆ ಮೊಬೈಲಿನಿಂದಲೇ ಹೊತ್ತಿಸಬಹುದಾದ ಕೆಂಪು ದೀಪ ಇವು ಅವರ ಉಪಾಯಗಳು. ದೀಪ ಹೊತ್ತಿದ್ದರೆ ಹತ್ತಿರದಲ್ಲಿ ಆನೆ ಇದೆ ಎಂದರ್ಥ. ಓದು ಬಾರದವರಿಗೂ ತಿಳಿಯುತ್ತದೆ. ಅಲ್ಲಿ ಆನೆಯಿಂದಾಗುವ ಸಾವುಗಳು ಗಣನೀಯವಾಗಿ ತಗ್ಗಿದವು. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ಭಾಗದಲ್ಲೂ ಇಂಥ ಮುನ್ಸೂಚನೆಯ ಏರ್ಪಾಡು ಬಂದಿದೆ.

ಈ ಕೆಲಸದಲ್ಲಿ ಕ್ಯಾಮೆರಾಗಿಂತ ಮುಖ್ಯವಾದದ್ದು ಊರಿನ ಒಗ್ಗಟ್ಟು. ಒಬ್ಬರೇ ಕೊಂಡು ಗುಟ್ಟಾಗಿ ಇಟ್ಟುಕೊಂಡ ಕ್ಯಾಮೆರಾ ಪಕ್ಕದ ಹೊಲದವರನ್ನು ಉಳಿಸುವುದಿಲ್ಲ. ಒಂದೇ ಹಳ್ಳದ ಅಂಚಿನ ನಾಲ್ಕೈದು ರೈತರು ಕೂಡಿ ಎರಡು ಕ್ಯಾಮೆರಾ ಕೊಂಡು, ಸಿಮ್ ಖರ್ಚು ಹಂಚಿಕೊಂಡು, ಚಿತ್ರಗಳು ಎಲ್ಲರಿಗೂ ಬರುವಂತೆ ಮಾಡಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವ ಖರ್ಚು ಸಣ್ಣದು. ರಾತ್ರಿ ಮೊಬೈಲು ನೋಡುವ ಪಾಳಿಯನ್ನೂ ಹಂಚಿಕೊಳ್ಳಬಹುದು. ಉಳಿದವರು ನೆಮ್ಮದಿಯಿಂದ ಮಲಗಬಹುದು.

ಕಾನೂನು ಮತ್ತು ನೆರೆಹೊರೆ

ಕ್ಯಾಮೆರಾವನ್ನು ನಿಮ್ಮ ಸ್ವಂತ ಜಮೀನಿನಲ್ಲಿ ಮಾತ್ರ ಕಟ್ಟಬೇಕು. ಅರಣ್ಯದೊಳಗೆ ಅನುಮತಿಯಿಲ್ಲದೆ ಹೋಗಿ ಕಟ್ಟುವುದು ಅಪರಾಧ. ಚಿತ್ರ ಚೆನ್ನಾಗಿ ಬರಲೆಂದು ಉಪ್ಪು, ಬೆಲ್ಲ, ಹಲಸಿನ ಹಣ್ಣು ಇಟ್ಟು ಪ್ರಾಣಿಯನ್ನು ಕರೆಯಕೂಡದು. ಪ್ರಾಣಿಗೆ ರುಚಿ ಹತ್ತಿಸಿದಂತಾಗುತ್ತದೆ. ಕಾಯಿದೆಯಲ್ಲಿ ಬೇಟೆ ಎಂಬ ಮಾತಿನ ಅರ್ಥದೊಳಗೆ ಕೊಲ್ಲುವುದಷ್ಟೇ ಅಲ್ಲ, ಉರುಲು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು ಕೂಡ ಸೇರಿವೆ. ಹಂದಿ ಬರುವ ದಾರಿ ತಿಳಿಯಿತೆಂದು ಅಲ್ಲಿ ಉರುಲು ಹಾಕುವುದು, ಸಿಡಿಮದ್ದು ಇಡುವುದು, ವಿದ್ಯುತ್ ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟು ಕೊಡುವುದು ಜೈಲಿಗೆ ದಾರಿ. ಅಷ್ಟೇ ಅಲ್ಲ, ಆ ತಂತಿಗೆ ಮೊದಲು ಬೀಳುವುದು ಆನೆಯೋ, ನಿಮ್ಮದೇ ಹಸುವೋ, ನೆರೆಮನೆಯ ಮಗುವೋ ಎಂದು ಹೇಳಬಲ್ಲವರಿಲ್ಲ. ಬೇಲಿಗೆ ಸೌರ ಬೇಲಿಯ ಯಂತ್ರದಿಂದ ಬಿಟ್ಟು ಬಿಟ್ಟು ಬರುವ ಮಿಡಿತದ ವಿದ್ಯುತ್ತನ್ನು ಮಾತ್ರ ಕೊಡಬೇಕು.

ಹುಲಿ, ಚಿರತೆಗಳ ಚಿತ್ರ ಬಂದರೆ ಅದನ್ನು ವಾಟ್ಸಾಪಿನಲ್ಲಿ ಊರೂರಿಗೆ ಹಂಚುವ ಆಸೆಯಾಗುತ್ತದೆ. ಹಾಗೆ ಮಾಡಬೇಡಿ. ನೋಡಲು ಜನ ನೆರೆಯುತ್ತಾರೆ, ಹೆದರಿದ ಪ್ರಾಣಿ ಮೈಮೇಲೆ ಬೀಳುತ್ತದೆ. ಕಳ್ಳಬೇಟೆಯವರಿಗೂ ಜಾಗದ ಗುರುತು ಸಿಗುತ್ತದೆ. ಸುದ್ದಿ ಅಗತ್ಯವಿರುವ ಮನೆಗಳಿಗೆ ಮತ್ತು ಅರಣ್ಯ ಇಲಾಖೆಗೆ ಮಾತ್ರ ಹೋಗಲಿ.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಪ್ರಾಣಿಯ ದಾರಿಯಲ್ಲೇ ಮನುಷ್ಯರೂ ನಡೆಯುತ್ತಾರೆ. ಹೆಣ್ಣುಮಕ್ಕಳು ಸೌದೆಗೆ, ಹುಲ್ಲಿಗೆ, ಬಹಿರ್ದೆಸೆಗೆ ಹೋಗುವ ದಾರಿಗಳಿವೆ. ಉತ್ತರಾಖಂಡದ ಕಾರ್ಬೆಟ್ ಹುಲಿ ಮೀಸಲು ಪ್ರದೇಶದ ಊರುಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಎತ್ತಿ ತೋರಿಸಿತು. ಕಾಡಿಗೆ ಹೋಗುವ ಹೆಂಗಸರು ಪ್ರಾಣಿಗಳು ದೂರ ಸರಿಯಲೆಂದು ಹಾಡುತ್ತ, ಗಟ್ಟಿಯಾಗಿ ಮಾತಾಡುತ್ತ ಹೋಗುವುದು ವಾಡಿಕೆ. ಕ್ಯಾಮೆರಾ ನೋಡುತ್ತಿದೆ ಎಂಬ ಸಂಕೋಚದಿಂದ ಅವರು ದನಿ ತಗ್ಗಿಸಿದರು, ಗೊತ್ತಿಲ್ಲದ ದಾರಿಗಳನ್ನು ಹಿಡಿದರು. ಪ್ರಾಣಿಗಳಿಗೆ ಎದುರಾಗುವ ಅಪಾಯ ಇದರಿಂದ ಹೆಚ್ಚಿತು. ಕಾಪಾಡಬೇಕಾದ ಸಾಧನವೇ ಹೀಗೆ ಕೆಡುಕಾಗಬಾರದು. ಕ್ಯಾಮೆರಾ ಎಲ್ಲಿದೆ, ಯಾರು ನೋಡುತ್ತಾರೆ ಎಂಬುದನ್ನು ಊರಿನ ಹೆಂಗಸರಿಗೆ ಮೊದಲೇ ತಿಳಿಸಿ. ಅವರು ಬೇಡವೆಂದ ಜಾಗದಲ್ಲಿ ಕಟ್ಟಬೇಡಿ. ಜನ ಓಡಾಡುವ ದಾರಿಯಾದರೆ ಹಗಲು ಹೊತ್ತು ಚಿತ್ರ ತೆಗೆಯದಂತೆ ಗಂಟೆ ನಿಗದಿಪಡಿಸಿ. ಮನುಷ್ಯರ ಚಿತ್ರ ಬಂದರೆ ಅಲ್ಲೇ ಅಳಿಸಿಹಾಕಿ, ಯಾರಿಗೂ ತೋರಿಸಬೇಡಿ.

ನೆನಪಿನಲ್ಲಿಡಬೇಕಾದ ಮಾತುಗಳು

• ಮೊದಲು ಟವರಿನ ಸಂಕೇತ ಪರೀಕ್ಷಿಸಿ, ಅನಂತರ ಕ್ಯಾಮೆರಾ ಕೊಳ್ಳಿ.

• ಬೆಳೆಗಲ್ಲ, ಬೆಳೆಗೆ ಬರುವ ಬಾಗಿಲಿಗೆ ಕ್ಯಾಮೆರಾ ಕಟ್ಟಿ.

• ಸಂಜೆಯ ಚಿತ್ರ ಬಾರದಿದ್ದರೆ ಕ್ಯಾಮೆರಾ ಇಲ್ಲವೆಂದೇ ತಿಳಿಯಿರಿ.

• ಸಿಮ್ ಅವಧಿ, ಬ್ಯಾಟರಿ, ಮುಚ್ಚಳ ಇವನ್ನು ಆಗಾಗ ನೋಡಿ.

• ದೊಡ್ಡ ಪ್ರಾಣಿ ಕಂಡ ರಾತ್ರಿ ಮನೆ ಬಿಟ್ಟು ಹೊರಡಬೇಡಿ. ಕರೆಮಾಡಿ, ನೆರೆಯವರಿಗೆ ತಿಳಿಸಿ.

• ನಾಲ್ಕೈದು ಮನೆಯವರು ಕೂಡಿ ಕೊಳ್ಳಿ, ಸುದ್ದಿ ಹಂಚಿಕೊಳ್ಳಿ.

ಕ್ಯಾಮೆರಾ ಬೇಲಿಯಲ್ಲ, ಅದು ಹಂದಿಯನ್ನು ತಡೆಯದು. ಅದು ಕಾವಲುಗಾರನೂ ಅಲ್ಲ, ಆನೆಯನ್ನು ಓಡಿಸದು. ಅದೊಂದು ಸುದ್ದಿಗಾರ ಮಾತ್ರ. ಸುದ್ದಿಯನ್ನು ಕೇಳಿ ಸರಿಯಾಗಿ ನಡೆಯುವವರಿಗೆ ಅದರಿಂದ ಲಾಭ. ಕೆಲವು ರಾತ್ರಿ ಅದು ಹೇಳುವ ಸುದ್ದಿ ‘ಈಗ ಬರಬೇಡಿ’ ಎಂಬುದಾಗಿರುತ್ತದೆ. ಆ ರಾತ್ರಿ ನಾಲ್ಕು ಸಾಲು ರಾಗಿ ಹೋಗಬಹುದು, ಹತ್ತು ಬಾಳೆ ಉರುಳಬಹುದು. ಬೆಳಕು ಹರಿದ ಮೇಲೆ ಹೊಲಕ್ಕೆ ಹೋಗಿ ನಷ್ಟ ಎಣಿಸಲು ನೀವು ಇರುತ್ತೀರಿ. ಉಳಿದ ಲೆಕ್ಕವನ್ನೆಲ್ಲ ಅನಂತರ ಹಾಕಿಕೊಳ್ಳಬಹುದು.

ಈ ವಿಷಯದಲ್ಲಿ ಸಂದೇಹಗಳಿದ್ದರೆ ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನಾಗಲಿ ವಿಚಾರಿಸಿ, ಅನಂತರ ಮುಂದುವರಿಯಿರಿ.